ಇಪ್ಪತ್ತೈದು ಅಡಿಯ ಅಚ್ಚಿನ ತಪ್ಪು

ಮದುವೆಯಾಗಿ ಹದಿನೆಂಟು ವರ್ಷವಾದರೂ ಮನೆಯಲ್ಲಿ ಒಂದು ಮೊಳೆ ಹೊಡೆಯುವ ಅಧಿಕಾರ ನನಗೆ ಸಿಕ್ಕಿಲ್ಲ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅಕ್ಷರ ಬಿಟ್ಟು ಬೇರೇನು ಮುಟ್ಟಿದರೂ ಮುರಿಯುತ್ತೇನೆಂಬುದು ನನ್ನಾಕೆಯ ಅಚಲ ಸಿದ್ಧಾಂತ. ಅಂಥವಳು ಹೋದ ವಾರ, "ರೀ, ವೈರು ನೀವೇ ತಂದುಬಿಡಿ" ಎಂದಳು. ನನಗೆ ಪಟ್ಟಾಭಿಷೇಕವಾದಷ್ಟು ಹಿಗ್ಗು.

ಅವಳದು ಹಿತ್ತಲಿನ ಶೆಡ್ಡಿನಲ್ಲಿ ಹೊಲಿಗೆ ಕೆಲಸ. ಮೊದಲ ಸಲ ಒಂದು ಆಸ್ಪತ್ರೆಯಿಂದ ಇನ್ನೂರು ಗೌನುಗಳ ಆರ್ಡರು ಬಂದಿತ್ತು. ಶನಿವಾರದೊಳಗೆ ಇಸ್ತ್ರಿ ಮಾಡಿ ಕೊಡದಿದ್ದರೆ ಮುಂದೆ ಕೇಳುವವರಿಲ್ಲ. ಅದಕ್ಕೆಂದು ತಂದ ದೊಡ್ಡ ಇಸ್ತ್ರಿ ಯಂತ್ರಕ್ಕೆ ಶೆಡ್ಡಿನ ಹಳೆಯ ವೈರು ಸಾಲದು. ಎಲೆಕ್ಟ್ರಿಷಿಯನ್ ಬಂದು ನೋಡಿ, "ಮನೆಯೊಳಗಿನ ದಪ್ಪ ವೈರಿಂದ ಒಂದು ಟ್ಯಾಪ್ ತೆಗೆದ್ರಾಯ್ತು" ಎಂದ.

"ನಲ್ಲಿ ಯಾಕಪ್ಪ? ನೀರು ನಾನೇ ಬಕೆಟ್ಟಲ್ಲಿ ತಂದ್ಕೊಡ್ತೀನಿ" ಎಂದೆ.

ಅವನು ನನ್ನಾಕೆಯ ಮುಖ ನೋಡಿದ. ಅವಳು ಗೋಡೆ ನೋಡಿದಳು. ದಪ್ಪ ವೈರಿಗೆ ಕವಲು ಹಾಕಿ ಎಳೆಯುವ ಸಣ್ಣ ವೈರಿಗೆ ಟ್ಯಾಪ್ ಎನ್ನುತ್ತಾರಂತೆ. "ದೂರ ಅಳೆದು, ಈ ಪುಟ ನೋಡಿ ತಂದಿಟ್ಟಿರಿ ಸಾರ್, ಗುರುವಾರ ಬರ್ತೀನಿ" ಎಂದು ತನ್ನ ನಿಯಮದ ಪುಸ್ತಕ ಕೊಟ್ಟುಹೋದ.

ಮೂರು ಸಲ ಅಳೆದೆ. (ಮೂರು ಬೇರೆ ಬೇರೆ ಉತ್ತರ ಬಂತು.) ಕೊನೆಗೆ ಇಪ್ಪತ್ತಮೂರು ಅಡಿ ಎಂದು ತೀರ್ಮಾನಿಸಿ ಪುಸ್ತಕ ತೆರೆದೆ. ದಪ್ಪ ವೈರಿನ ಬ್ರೇಕರ್, ಅಂದರೆ ಕರೆಂಟು ಮಿತಿಮೀರಿದರೆ ತಾನೇ ಆರಿಹೋಗುವ ಸ್ವಿಚ್ಚು, ನೂರು ಆಂಪ್ಸಿನದು. ಟ್ಯಾಪ್ ಹತ್ತು ಅಡಿಯೊಳಗಿದ್ದರೆ, ಅದು ಕನಿಷ್ಠ ಇದರ ಹತ್ತನೇ ಒಂದು ಪಾಲು ಕರೆಂಟನ್ನು ಹೊರುವಂತಿರಬೇಕು. ಒಪ್ಪಿದೆ. ಇಪ್ಪತ್ತೈದು ಅಡಿಯೊಳಗಿದ್ದರೆ ಕನಿಷ್ಠ ಮೂರನೇ ಒಂದು ಪಾಲು.

ಇಲ್ಲಿ ನನ್ನ ತಲೆ ಗಿರ್ರೆಂದಿತು. ಹತ್ತಕ್ಕೆ ಹತ್ತನೇ ಒಂದು ಎಂದ ಮೇಲೆ ಇಪ್ಪತ್ತೈದಕ್ಕೆ ಇಪ್ಪತ್ತೈದನೇ ಒಂದು ಎಂದಿರಬೇಕಲ್ಲವೇ? ಎಷ್ಟು ತಿರುಗಿಸಿ ಮುರುಗಿಸಿ ಓದಿದರೂ ಅರ್ಥವಾಗಲಿಲ್ಲ. ಇಪ್ಪತ್ತು ವರ್ಷದ ಅನುಭವ ಹೇಳಿತು: ಇದು ಅಚ್ಚಿನ ತಪ್ಪು. ಕೆಂಪು ಶಾಯಿಯಲ್ಲಿ ತಿದ್ದಿ, ಅಂಚಿನಲ್ಲಿ ಸಹಿಯನ್ನೂ ಮಾಡಿ, ಅಂಗಡಿಗೆ ಹೋಗಿ ನಾಲ್ಕು ಆಂಪ್ಸಿನ ವೈರು ಕತ್ತರಿಸಿಕೊಂಡು ತಂದೆ.

ಗುರುವಾರ ಎಲೆಕ್ಟ್ರಿಷಿಯನ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಸಾರ್, ಇದು ಕಾಲಿಂಗ್ ಬೆಲ್ ವೈರು."

"ನಿಮ್ಮ ಪುಸ್ತಕದಲ್ಲಿ ತಪ್ಪಿತ್ತು. ತಿದ್ದಿದ್ದೀನಿ."

ಅವನು ಪುಟ ತೆರೆದು, ನನ್ನ ಸಹಿಯ ಮೇಲೆ ಬೆರಳಿಟ್ಟು ನನ್ನಾಕೆಗೆ ತೋರಿಸಿದ. ನನ್ನಾಕೆ ಕೇಳಿದಳು, "ರೀ, ಅವರ ಪುಸ್ತಕಕ್ಕೆ ಕೆಂಪು ಬಳಿದಿದ್ದೀರಾ?"

"ಉದ್ದ ಆದ್ರೆ ದಪ್ಪ ಯಾಕಾಗ್ಬೇಕು?"

"ನೂರರ ಬ್ರೇಕರ್ ಕಾಯೋದು ದಪ್ಪ ವೈರನ್ನ ಸಾರ್" ಎಂದ ಅವನು ಸಮಾಧಾನದಿಂದ. "ಈ ಸಣ್ಣದಕ್ಕೆ ತಕ್ಕ ಬ್ರೇಕರ್ ಇರೋದು ಅದರ ಕೊನೆಯಲ್ಲಿ. ಅಲ್ಲೀತನಕ ಸರಿಯಾದ ಕಾವಲಿಲ್ಲ. ಕಾವಲಿಲ್ಲದೆ ಜಾಸ್ತಿ ದೂರ ಹೋಗೋ ವೈರು ಗಟ್ಟಿಯಾಗಿರಬೇಕು."

ನಾನು ತಲೆಯಾಡಿಸಿದೆ. (ಅರ್ಥವಾಗಿರಲಿಲ್ಲ.) ನನ್ನಾಕೆ ಕತ್ತರಿ ಕೆಳಗಿಟ್ಟು, "ಹಾಗಾದ್ರೆ ಬ್ರೇಕರ್ ಪೆಟ್ಟಿಗೆನ ಮನೆಯೊಳಗೇ, ದಪ್ಪ ವೈರಿನ ಪಕ್ಕದಲ್ಲೇ ಹಾಕಿ. ಟ್ಯಾಪ್ ಎರಡೇ ಅಡಿ ಆಗುತ್ತೆ. ಅಲ್ಲಿಂದ ಶೆಡ್ಡಿಗೆ ಆ ಬ್ರೇಕರಿಗೆ ತಕ್ಕ ವೈರು ಎಳೀರಿ" ಎಂದಳು.

"ಅಕ್ಕ, ನೀವು ನಮ್ಮ ಲೈನಿಗೆ ಬಂದಿದ್ರೆ ನಮಗೆ ಕೆಲಸ ಇರ್ತಿರಲಿಲ್ಲ" ಎಂದ ಅವನು.

ಹೋದ ಮಾನವನ್ನು ಸ್ವಲ್ಪವಾದರೂ ಮರಳಿ ಗಳಿಸಬೇಕೆಂದು ನಾನು ಪುಸ್ತಕ ಕಸಿದು, ಗಂಟಲು ಸರಿಮಾಡಿಕೊಂಡು ಓದಿದೆ: "ಪೆಟ್ಟಿಗೆಯ ಮುಂದೆ ಮೂರು ಅಡಿ ಜಾಗ ಸದಾ ಖಾಲಿ ಇರತಕ್ಕದ್ದು." ಆಮೇಲೆ ಸೇರಿಸಿದೆ: "ಇದರಲ್ಲಿ ಒಂದಕ್ಷರವೂ ತಪ್ಪಿಲ್ಲ, ನಾನೇ ಪ್ರಮಾಣ ಮಾಡ್ತೀನಿ."

"ಒಳ್ಳೇದಾಯ್ತು ಹೇಳಿದ್ದು" ಎಂದು ಇಬ್ಬರೂ ಮನೆಯೊಳಗೆ ದಪ್ಪ ವೈರು ಹಾದುಹೋದ ಗೋಡೆಯ ಕಡೆ ತಿರುಗಿದರು. ಅಲ್ಲಿ ಕಿಟಕಿಯ ಪಕ್ಕ, ತಣ್ಣನೆಯ ಗಾಳಿಯಲ್ಲಿ, ನಾನು ಓದಿ ಬರೆಯುವ ಮೇಜಿತ್ತು.

ಗೌನುಗಳು ಶನಿವಾರವೇ ಹೋದವು. ಆಸ್ಪತ್ರೆಯವರು ಇನ್ನೂ ಮುನ್ನೂರು ಕೇಳಿದ್ದಾರೆ. ನನ್ನ ಮೇಜು ಈಗ ಶೆಡ್ಡಿನಲ್ಲಿ, ಇಸ್ತ್ರಿಯ ಹಬೆ ಮುಖಕ್ಕೆ ಹೊಡೆಯುವ ಕಡೆ ಇದೆ. ಕರಡುಗಳನ್ನು ಬದಿಗಿಟ್ಟು ನಾನು ಗುಂಡಿ ಹೊಲಿಯುತ್ತಿದ್ದೇನೆ. ಹೊಲಿದದ್ದನ್ನೆಲ್ಲ ನನ್ನಾಕೆ ಮತ್ತೊಮ್ಮೆ ತಿದ್ದುತ್ತಾಳೆ.