ಅಕ್ಕೋರ ವಿಮಾ ಏಜೆನ್ಸಿಯಾಗ ನಾನು ಸತ್ತ ದಿನಗಳು

ಸಾವಿನ ಮಾತು ಆಡಿ ಹೊಟ್ಟಿ ಹೊರಕೊಳ್ಳೋ ಧಂದೆದಾಗ ನಗಿ ಎಲ್ಲಿಂದ ಬರ್ತದ ಅಂತ ಕೇಳೋರು ನಾಕು ದಿನ ವಿಮಾ ಏಜೆಂಟರ ಹಿಂದ ಹಳ್ಳಿ ತಿರುಗಿ ನೋಡಬೇಕು. ನಾ ತಿರುಗೀನಿ. ಸಂಜೀಕ ಮನಿಗಿ ಬಂದು ಊಟಕ್ಕ ಕುಂತರ, ಆ ದಿನದ್ದು ನೆನಪಾಗಿ ತುತ್ತು ನೆತ್ತಿಗೇರ್ತಿತ್ತು. ನನ್ನ ಹೆಂಡತಿ ಮೊದಲೇ ನೀರಿನ ತಂಬಗಿ ಬಾಜೂಕ ಇಟ್ಟಿರ್ತಿದ್ದಳು.

ನಮ್ಮ ಬೀದರ ಮೈಸೂರು ರಾಜ್ಯಕ್ಕ ಸೇರಿದ ಹೊಸತರ ಮಾತಿದು. ನಾನು ತಹಸೀಲ ಕಚೇರಿಯಾಗ ಉರ್ದು ಮುನ್ಶಿ ಇದ್ದೆ. ಕನ್ನಡ ಬಾಯಿತುಂಬ ಮಾತಾಡ್ತಿದ್ದೆ, ಬರೀಲಿಕ್ಕ ಒಂದಕ್ಷರ ಬರ್ತಿರಲಿಲ್ಲ. ಕಾಗದಪತ್ರ ಎಲ್ಲಾ ಕನ್ನಡಕ್ಕ ಹೊಳ್ಳಿದ ಕೂಡಲೆ ನನ್ನ ಕಲಮು ಮೂಲಿಗಿ ಬಿತ್ತು. ಮನಿಯಾಗ ಕುಂತು ಹೆಂಡತಿ ಮ್ಯಾಲ, ಬೆಕ್ಕಿನ ಮ್ಯಾಲ, ಹೊಸ ಸರಕಾರದ ಮ್ಯಾಲ ಪಾಳಿ ಹಚ್ಚಿ ಸಿಟ್ಟು ಮಾಡ್ತಿದ್ದೆ.

ಆಗ ನನ್ನ ಮನಿಗಿ ಅಕ್ಕೋರು ಬಂದರು. ಹೆಣ್ಣುಮಕ್ಕಳ ಸಾಲಿಯಾಗ ಕಲಸ್ತಿದ್ದರು, ಅದಕ್ಕ ಊರೆಲ್ಲಾ ಅವರಿಗಿ ಅಕ್ಕೋರು ಅಂತಿತ್ತು. ಗಂಡ ಸಣ್ಣ ವಯಸ್ಸಿನಾಗ ತೀರಿಕೊಂಡಿದ್ದರು, ಹೋಗೋ ಮೊದಲ ಒಂದು ವಿಮಾ ಮಾಡಿಸಿಟ್ಟಿದ್ದರು. ಆ ಒಂದು ಕಾಗದಾ ಹಿಡಕೊಂಡು ಅಕ್ಕೋರು ಹೈದರಾಬಾದಿಗಿ ಏಳೆಂಟು ಸಲ ತಿರುಗಿ, ಕಚೇರಿ ಬಾಗಲಾ ಬಿಡದಂಗ ಕುಂತು, ತಮ್ಮ ಹಕ್ಕು ತಂದರು. ಇಬ್ಬರು ಹೆಣ್ಣುಮಕ್ಕಳು ಅದರ ಮ್ಯಾಲೇ ಬೆಳದರು. "ಇಂಥಾ ಕಾಗದಾ ನಮ್ಮ ಕಡಿ ಎಲ್ಲಾ ಹೆಣ್ಣುಮಕ್ಕಳ ಪೆಟ್ಟಿಗ್ಯಾಗ ಇರಬೇಕ್ರಿ ಮುನ್ಶಿಯವರೇ" ಅಂದರು. ಅದಕ್ಕಂತ ನೌಕರಿ ಬಿಟ್ಟು ಏಜೆನ್ಸಿ ತಗೊಂಡಿದ್ದರು. ಮಂದಿ ಮನಿಯಾಗಿನ ಹಳೇ ಕಾಗದಾ ಉರ್ದುದಾಗ ಇರ್ತಾವ, ಓದ್ಲಿಕ್ಕ ನಾ ಬೇಕಂತ. ಸಂಜೀಕ ನನಗ ಪಾಟಿ ಕೊಟ್ಟು ಅ ಆ ತಿದ್ದಿಸಿದರು. ಐವತ್ತು ದಾಟಿದವಗ! ನೀವೀಗ ಓದ್ಲತ್ತಿದ್ದು ಅವರು ತಿದ್ದಿಸಿದ ಅಕ್ಷರಾನ.

ಆದರ ಏಜೆನ್ಸಿ ಪಕ್ಕಾ ಆಗಿರಲಿಲ್ಲ. ವಿಮಾ ಕಚೇರಿ ಸಾಹೇಬರು ಮೈಸೂರ ಕಡಿಯವರು. "ಹೆಂಗಸರು ಹಳ್ಳಿ ಹಳ್ಳಿ ತಿರುಗಿ ಪಾಲಿಸಿ ಮಾಡ್ಸೋದು ಆಗೋ ಹೋಗೋ ಮಾತಲ್ಲ. ಒಂದು ವರ್ಷ ನೋಡೋಣ. ಆಮೇಲೆ ನಾನೇ ಬಂದು ಮನೆಮನೆ ತಪಾಸಣೆ ಮಾಡ್ತೀನಿ. ಸುಳ್ಳು ಹೆಸರು ಸಿಕ್ಕರೆ ಏಜೆನ್ಸಿ ರದ್ದು" ಅಂದಿದ್ದರು. ಬಿಟ್ಟ ನೌಕರಿ ಹೊಳ್ಳಿ ಬರೋ ಹಂಗಿರಲಿಲ್ಲ. ಏಜೆನ್ಸಿ ಹೋದರ ಆ ಮನಿ ಒಲಿ ಆರ್ತಿತ್ತು, ಹುಡುಗ್ಯಾರ ಸಾಲಿ ಬಿಡಸಬೇಕಾಗ್ತಿತ್ತು. ನನಗ ಅದೇ ಚಿಂತಿ.

೧. ನಾನು ಸತ್ತೆ

ಮೊದಲನೇ ಊರು ಕಮಠಾಣ. ಒಬ್ಬ ಒಕ್ಕಲಿಗನ ಮನಿ. ಚಹಾ ಕೊಟ್ಟರು, ಕುಂತೆವು. ತಹಸೀಲದಾಗ ಇದ್ದವ ನಾನು, ಮಾತು ನನಗ ಬರ್ತದ ಅಂತ ಜಂಬ. ಅಕ್ಕೋರು ಬಾಯಿ ತೆಗೆಯೋ ಮೊದಲೇ ಮುಂದ ಸರದು, "ನೋಡ್ರಿ ಗೌಡರೇ, ನಾಳಿ ಮುಂಜಾನಿ ನೀವು ಸತ್ತಿರಿ ಅಂತ ತಿಳೀರಿ" ಅಂದೆ.

ಮುಗೀತು! ಒಳಗಿಂದ ಆತನ ತಾಯಿ ಉಪ್ಪು ಮೆಣಸಿನಕಾಯಿ ಹಿಡಕೊಂಡು ಬಂದು ಮಗನ ದೃಷ್ಟಿ ತೆಗೆದಳು. ಹೆಂಡತಿ ನನ್ನ ಕೈಯಾಗಿನ ಅರ್ಧ ಕುಡದ ಚಹಾ ಕಸಕೊಂಡು ಹೋದಳು. "ಬಾಯಾಗ ಹುಳಾ ಬೀಳ್ಲಿ ನಿನ್ನ!" ಅಂತ ಮುದುಕಿ ನನ್ನನ್ನ ಹೊಸ್ತಿಲ ತನಕ ಕಳಸಿದಳು.

ಅಕ್ಕೋರು ಏಳಲಿಲ್ಲ. ತಣ್ಣಗ ಮುದುಕಿ ಕೈ ಹಿಡಿದು ಕುಂದರಿಸಿ, "ಅವ್ವಾ, ನಿಮ್ಮ ಮಗಾ ನೂರು ವರ್ಷ ಇರ್ಲಿ. ಈಗ ಈ ಮುನ್ಶಿಯವರು ಸತ್ತರು ಅಂತ ತಿಳೀರಿ" ಅಂದರು.

ಮುದುಕಿ ಮುಖಾ ಅರಳಿತು. "ಹಾಂ, ಸತ್ತ. ಮುಂದ ಹೇಳವ್ವಾ."

ಅವತ್ತಿನಿಂದ ನನ್ನ ಕೆಲಸ ಇದೇ ಆಯ್ತು. ಹೋದ ಹೋದ ಮನಿಯಾಗ ಸಾಯೋದು. ಭಾಲ್ಕಿಯಾಗ ಹಾವು ಕಡೀತು, ಔರಾದದಾಗ ಬಾವ್ಯಾಗ ಬಿದ್ದೆ, ಕಮಲನಗರ ಪ್ಯಾಟಿಯಾಗ ಮರಾಠಿದಾಗ ಸತ್ತೆ. ಅಕ್ಕೋರು ನನ್ನ ಹೆಂಡತಿ ಗತಿ ಹೇಳ್ಲತ್ತರ ಹೆಂಗಸರು ಸೆರಗಿಲೆ ಕಣ್ಣು ಒರಸ್ತಿದ್ದರು, ನನಗೂ ಅಳು ಬರ್ತಿತ್ತು. ಮಂದಿ ಫಾರಮಿಗೆ ಸಹಿ ಹಾಕ್ತಿದ್ದರು. ಆದರ ಬೀದರ ಸಂತ್ಯಾಗ ಒಂದಿನ ಬದನಿಕಾಯಿ ಆರಸ್ಲತ್ತಿದ್ದೆ, ಕಮಠಾಣದ ಆ ಮುದುಕಿ ಹಿಂದಿಂದ ಬಂದು ನನ್ನ ರಟ್ಟಿ ಹಿಡಿದಳು. ಮ್ಯಾಲಿಂದ ಕೆಳಗ ನೋಡಿ, ಸಂತಿ ಮಂದಿಗೆಲ್ಲಾ ಕೇಳೋ ಹಂಗ ಅಂದಳು: "ಅಯ್ಯ, ನೀ ಸತ್ತು ಮೂರು ತಿಂಗಳಾಯ್ತಲ್ಲೋ! ಹೆಂಡತಿಗಿ ರೊಕ್ಕ ಬಂತೋ ಇಲ್ಲೋ?"

೨. ವಯಸ್ಸು

ಹುಟ್ಟಿದ ತಾರೀಖು ಕೇಳಿದರ ಯಾರಿಗೂ ಗೊತ್ತಿರ್ತಿರಲಿಲ್ಲ. ವಯಸ್ಸು ಕಡಿಮಿ ಇದ್ದರ ಕಂತು ಕಡಿಮಿ ಅನ್ನೋದು ಮಾತ್ರ ಎಲ್ಲಾರಿಗೂ ಗೊತ್ತಾಗಿಬಿಟ್ಟಿತ್ತು. ಕಮಲನಗರದ ಒಬ್ಬ ಕಿರಾಣಿ ಅಂಗಡಿಯವ, ಹುಬ್ಬು ಸಹಿತ ಬೆಳ್ಳಗಾದ ಮನಷ್ಯಾ, "ಮೂವತ್ತೈದು ಬರೀರಿ" ಅಂದ. ನಾ ಬರದೆ, ನನಗೇನು. ಹಿಂದನ ಅವನ ಮಗಾ ಬಂದು ಕುಂತ. "ನಂದು ಮೂವತ್ತೆರಡು" ಅಂದ.

ಅಕ್ಕೋರು ನಗಲಿಲ್ಲ. ಸಾಲಿಯಾಗ ಲೆಕ್ಕ ತಪ್ಪಿದ ಹುಡುಗಿಗಿ ಕೇಳೋ ಹಂಗ ಕೇಳಿದರು: "ಅಲ್ಲರಿ ಕಾಕಾ, ಇವರು ಹುಟ್ಟಿದಾಗ ನಿಮಗ ಮೂರು ವರ್ಷ ಏನ್ರಿ?"

ಆತ ತಕ್ಕಡಿ ಕಡಿ ನೋಡಿದ, ಮಗನ ಕಡಿ ನೋಡಿದ.

"ಇಲ್ಲರಿ ಅಕ್ಕೋರೇ. ಇಂವ ಮೊದಲನೇ ಹೆಂಡತಿ ಮಗ. ಆಗ ನನ್ನ ವಯಸ್ಸು ಬ್ಯಾರೇನ ಇತ್ತು!"

೩. ಭಾಲ್ಕಿ ಅಣ್ಣನ ಎದಿ

ಪಾಲಿಸಿ ಕೊಡೋ ಮೊದಲ ಡಾಕ್ಟರು ಎದಿ, ತೂಕ ನೋಡಿ ಬರದು ಕೊಡಬೇಕು. ಭಾಲ್ಕಿಯಾಗ ಒಬ್ಬ ಬಟ್ಟಿ ವ್ಯಾಪಾರಿ. ಅಣ್ಣ ತಮ್ಮ ಕೂಡಿದ ಮನಿ. ಅಣ್ಣನ ಹೆಸರಿಲೆ ಫಾರಂ. ಡಾಕ್ಟರ ಕಾಗದಾ ಬಂತು: ಎದಿ ಅಗಲ, ತೋಳು ಗಟ್ಟಿ, ಇಂಥಾ ಆರೋಗ್ಯ ನಾನು ಕಂಡೇ ಇಲ್ಲ. ಖುಷಿಲೆ ಕಾಗದಾ ತಗೊಂಡು ಹೋದರ, ಗಾದಿ ಮ್ಯಾಲ ಕುಂತ ಅಣ್ಣ ಕೆಮ್ಮಿ ಕೆಮ್ಮಿ ಒಂದು ಮಾತಾಡ್ಲಿಕ್ಕ ಕಾಲು ತಾಸು ತಗೊಂಡ. ಬಟ್ಟಿ ಅಳೆಯೋ ಗಜಕೋಲು ಆತಗಿಂತ ದಪ್ಪ ಇತ್ತು.

"ದವಾಖಾನಿಗಿ ಯಾರು ಹೋಗಿದ್ದರಿ?" ಅಕ್ಕೋರು ಕೇಳಿದರು.

"ತಮ್ಮಗ ಕಳಸಿದ್ದೆರಿ. ತಾಲೀಮು ಮಾಡ್ತಾನ, ಛಲೋ ಮೈ ಅದ." ಆತನ ಮುಖದಾಗ ಒಂದಿಷ್ಟೂ ಕಪಟ ಇಲ್ಲ. "ಒಂದೇ ಮನಿ, ಒಂದೇ ಒಲಿ, ಒಂದೇ ದುಕಾನ. ಎದಿ ಯಾರದಾದರ ಏನ್ರಿ?"

ಅಕ್ಕೋರು ಕಾಗದಾ ಹರದು ಹಾಕಿದರು. ಒಂದೊಂದು ಪಾಲಿಸಿಗೂ ಕಾಲು ಸವಸ್ಲತ್ತೇವಿ, ಬಂದಿದ್ದು ಹರೀತಾರಲ್ಲ ಈ ಹೆಣ್ಣುಮಗಳು! ಕಿವಿಯಾಗ ಅಂದೆ, "ಯಾರಿಗಿ ಗೊತ್ತಾಗ್ತದರಿ?" ಅವರು ನನ್ನ ಕಡಿ ಒಂದು ನೋಟ ನೋಡಿದರು. ಆ ನೋಟಕ್ಕ ಸಾಲಿ ಹುಡುಗ್ಯಾರು ಬೆಂಚಿನ ಮ್ಯಾಲ ನಿಂದರ್ತಿದ್ದರು, ನಾ ಹರದ ಕಾಗದದ ಚೂರು ಆರಸ್ಲತ್ತೆ.

ಆಮ್ಯಾಲ ಅಣ್ಣಗ ಭಾಳ ಮರ್ಯಾದಿಲೆ ಹೇಳಿದರು: "ನಿಮ್ಮ ಮಾತು ಖರೇ ಅದ ಶೇಟ್‌ಜಿ. ಒಂದೇ ಮನಿ. ಹಂಗಾದರ ನಿಮಗೇನರ ಆದರ ರೊಕ್ಕ ನಿಮ್ಮ ತಮ್ಮನ ಹೆಂಡತಿ ಹೆಸರಿಗಿ ಬರಸ್ತೇನಿ. ಯಾರದಾದರ ಏನು?"

ಅಣ್ಣ "ಹೌದಲ್ಲರಿ" ಅಂತ ಗೋಣು ಹಾಕ್ಲತ್ತಿದ್ದ. ಒಳಗ ರೊಟ್ಟಿ ಬಡಿಯೋ ಸಪ್ಪಳ ಒಮ್ಮಿಗೇ ನಿಂತಿತು. ಪರದೆ ಹಿಂದಿಂದ ಅಣ್ಣನ ಹೆಂಡತಿ ದನಿ ಬಂತು: "ಬ್ಯಾಡರಿ ಅಕ್ಕೋರೇ, ಬ್ಯಾಡ! ನಾಳಿ ಇವರಿಗೇ ಕಳಸ್ತೇನಿ, ಹೊತಗೊಂಡಾದರೂ ಹೋಗ್ತೇನಿ!"

೪. ಎಕಂಬಾದ ತಪಾಸಣಿ

ವರ್ಷ ಆಯ್ತು. ಸಾಹೇಬರು ಕೋಟು ಟೋಪಿ ಹಾಕ್ಕೊಂಡು ಬಂದೇಬಿಟ್ಟರು. ಔರಾದ ತಾಲೂಕಿನ ಎಕಂಬಾ ಊರು ಆರಿಸಿದರು, ಯಾಕಂದರ ಅಲ್ಲಿ ಒಂದೇ ಓಣ್ಯಾಗ ಅಕ್ಕೋರು ಹದಿನಾಕು ಪಾಲಿಸಿ ಮಾಡಿಸಿದ್ದರು. "ಒಂದೇ ಓಣಿಲಿ ಹದಿನಾಲ್ಕಾ? ನಂಬೋ ಮಾತಲ್ಲ" ಅಂದರು. ಅಕ್ಕೋರು ಊರ ಮುಂದಿನ ಕಟ್ಟಿ ಮ್ಯಾಲೇ ಕುಂದರಬೇಕು, ನಾ ಮನಿ ತೋರಸಬೇಕು, ಪಿಟ್ಟ್ ಅನಬಾರದು. ಇದು ಸಾಹೇಬರ ಹುಕುಂ. ಜ್ವಾಳದ ರಾಶಿ ದಿನ, ಗಂಡಸರೆಲ್ಲಾ ಹೊಲದಾಗ. ಸಾಹೇಬರಿಗಿ ನಾಕರ ಬಸ್ಸಿಗಿ ಹೋಗೋ ಅವಸರ.

ಮೊದಲನೇ ಮನಿ. "ಏನಮ್ಮ, ನಿಮ್ಮ ಯಜಮಾನ್ರ ಹೆಸರೇನು?"

ಆಕಿ ಸೆರಗು ಬಾಯಿಗಿ ಹಿಡಿದಳು. ಗಂಡನ ಹೆಸರು ಬಾಯಿಲೆ ಹ್ಯಾಂಗ ಹೇಳ್ತಾಳ? ನಮ್ಮ ಕಡಿ ಯಾವ ಹೆಣ್ಣುಮಗಳೂ ಹೇಳಲ್ಲ. ಸಾಹೇಬರು ಮತ್ತ ಕೇಳಿದರು. ಗಂಡನ ಹೆಸರು ಬಸಪ್ಪ. ಪಾಪ, ಆಕಿ ಯೋಚನಿ ಮಾಡಿ ಅಂಗಳದಾಗ ಕಟ್ಟಿದ ಎತ್ತಿನ ಕಡಿ ಬೆರಳು ತೋರಿಸಿದಳು.

ಸಾಹೇಬರು ಎತ್ತು ನೋಡಿದರು. ಎತ್ತೂ ಸಾಹೇಬರಿಗಿ ನೋಡಿತು. "ಏನ್ರೀ ಮುನ್ಶಿ, ಎತ್ತಿನ ಹೆಸರಲ್ಲಿ ಪಾಲಿಸಿ ಮಾಡ್ಸಿದ್ದೀರಾ!"

ನಾ ಪಿಟ್ಟ್ ಅನ್ನಂಗಿಲ್ಲ. ಬಾಜೂ ಮನಿಯಾಕಿಗಿ ಕೇಳಿದರು, "ಪಕ್ಕದ ಮನೆಯವರ ಹೆಸರೇನಮ್ಮ?" ಓಣಿಯೆಲ್ಲಾ ಒಂದೇ ಬಳಗ. ಬಸಪ್ಪ ಆಕಿಗಿ ಭಾವ ಆಗಬೇಕು, ಆಕಿ ಸಹಿತ ಸೆರಗು ಬಾಯಿಗಿ ಹಿಡಿದಳು. ಅದರಾಚಿ ಮನಿಯಾಕಿಗಿ ಮಾವ. ಹದಿನಾಕು ಮನಿ, ಹದಿನಾಕು ಸೆರಗು, ಒಂದು ಹೆಸರಿಲ್ಲ. ಸಾಹೇಬರು ಒಂದೊಂದು ಮನಿ ಮುಂದ ನಿಂತು 'ಬೋಗಸ್' 'ಬೋಗಸ್' ಅಂತ ಒದರಿ ಬರಕೋತ ಹೊಂಟರು. ನನ್ನ ಕಣ್ಣ ಮುಂದ ಅಕ್ಕೋರ ಇಬ್ಬರು ಹುಡುಗ್ಯಾರು ಪಾಟಿಚೀಲ ಮೂಲಿಗಿಟ್ಟು ಕುಂತಂಗ ಆಯ್ತು. ಸಾಹೇಬರು ಕಟ್ಟಿಗಿ ಬಂದು ಅಕ್ಕೋರ ಮುಂದ ಆ ಕಾಗದಾ ಹಿಡಿದರು. "ಏಜೆನ್ಸಿ ರದ್ದಮ್ಮ. ಕ್ಷಮಿಸಿ."

ಅಕ್ಕೋರು ಎದ್ದು ನಿಂತರು. ಕಾಗದಾ ಓದಿದರು. ಓದಿ, ಹೆಂಗಸರು ಗಂಡನ ಹೆಸರು ಹೇಳಿಲ್ಲ ಅಂತ ತಿಳದು, "ಸಾಹೇಬರೇ, ಅರ್ಧ ತಾಸು ಕೊಡ್ರಿ. ಆಮ್ಯಾಲ ರದ್ದು ಮಾಡ್ರಿ" ಅಂದರು. ಸಾಹೇಬರಿಗಿ ಕರಕೊಂಡು ಸೀದಾ ಓಣ್ಯಾಗ ಹೋಗಿ ಎತ್ತಿನ ಅಂಗಳದಾಗ ಹೆಂಗಸರಿಗೆಲ್ಲಾ ಕೂಡಿಸಿದರು. "ಅವ್ವಗೋಳ್ರ್ಯಾ, ಹೆಸರು ಬರೇ ಹೇಳಬಾರದು, ಒಪ್ಪಿದೆ. ಒಡಪು ಹಾಕಿ, ಪದದಾಗ ಪೋಣಿಸಿ ಹೇಳ್ರಿ. ಮದುವ್ಯಾಗ ಹೇಳ್ತೀರಿ, ಸೀಮಂತದಾಗ ಹೇಳ್ತೀರಿ, ಇವತ್ತ ನನ್ನ ಸಲುವಾಗಿ ಹೇಳ್ರಿ."

ಪರ ಗಂಡಸು ಕೋಟು ಹಾಕ್ಕೊಂಡು ನಿಂತಾನ, ಯಾರು ಹೇಳ್ತಾರ? ಒಬ್ಬರ ಹಿಂದ ಒಬ್ಬರು ಅಡಗಿದರು. ಆಗ ಅಕ್ಕೋರು ತಾವೇ ನಡುವ ನಿಂತು ಹೇಳಿದರು:

"ಬೀದರ ಕಿಲ್ಲೆಕ್ಕ ಹತ್ತೆಂಟು ಬಾಗಲ, ನನ್ನ ಮನಿಗಿ ಒಂದೇ ಬಾಗಲ,
ಶಿವರಾಯರು ಹೋದರೂ ಅವರ ಹೆಸರೇ ನನ್ನ ಮನಿಗಿ ಕಾವಲ."

ಗಂಡ ಹೋದ ಮ್ಯಾಲ ಆ ಹೆಣ್ಣುಮಗಳು ಒಡಪು ಹಾಕಿದ್ದು ಅದೇ ಮೊದಲು. ನಾನೂ ಆ ಹೆಸರು ಅವರ ಬಾಯಿಲೆ ಕೇಳಿದ್ದು ಅವತ್ತೇ. ನನಗ ತಡಕೊಳ್ಳಲಿಕ್ಕ ಆಗಲಿಲ್ಲ, ಹೊಳ್ಳಿ ನಿಂತು ಕಣ್ಣು ಒರಸಿಕೊಂಡೆ. ಎಂಥಾ ಗಟ್ಟಿ ಹೆಣ್ಣುಮಗಳು ನಮ್ಮ ಅಕ್ಕೋರು!

ಎತ್ತಿನ ಮನಿಯಾಕಿ ಸೆರಗು ಸೊಂಟಕ್ಕ ಸಿಗಿಸಿ ಮುಂದ ಬಂದಳು:

"ಜ್ವಾಳದ ರೊಟ್ಟಿ, ತೊಗರಿ ಬ್ಯಾಳಿ, ಬಾಜೂಕ ಉಳ್ಳಾಗಡ್ಡಿ,
ಬಸಪ್ಪನವರ ಹೆಸರು ಹೇಳೀನಿ, ಇನ್ನ್ಯಾಕ ಸಾಹೇಬರ ಅಡ್ಡಿ?"

ಹೋ ಅಂತ ನಗಿ ಎದ್ದಿತು. ಆಮ್ಯಾಲ ಯಾರು ಕೇಳ್ತಾರ! ನಾ ಮುಂದ, ನೀ ಮುಂದ ಅಂತ ಹದಿನಾಕೂ ಮಂದಿ ಹೇಳಿದರು. ಒಬ್ಬಾಕಿ ಖುಷಿ ತಡೀದೇ ಎರಡು ಸಲ ಹೇಳಿದಳು. ಸಾಹೇಬರು ಪಟ್ಟಿಗಿ ತಾಳೆ ಹಾಕಿ ನೋಡಿದರು, ಒಂದು ಹೆಸರು ತಪ್ಪಿರಲಿಲ್ಲ. 'ಬೋಗಸ್' ಎಲ್ಲಾ ಹೊಡೆದು ಹಾಕಿದರು. ಕೆಳಗ 'ಏಜೆನ್ಸಿ ಕಾಯಂ' ಅಂತ ಬರದು ಸಹಿ ಮಾಡಿ, ಅಕ್ಕೋರಿಗಿ ಟೋಪಿ ತೆಗೆದು ಕೈ ಮುಗಿದರು. ದೊಡ್ಡ ಮನಷ್ಯಾ, ಸುಳ್ಳ್ಯಾಕ ಹೇಳಬೇಕು.

ಬಸ್ಸಿನ ಹೊತ್ತಾಯ್ತಂತ ಅವರು ಹೊಳ್ಳಿದರ, ಬಾಗಲದಾಗ ಬಸಪ್ಪನ ತಾಯಿ ಕೋಲು ಅಡ್ಡ ಹಿಡಿದು ನಿಂತಿದ್ದಳು.

"ಎಲ್ಲಿಗಿ ಹೊಂಟ್ರಿ? ನಮ್ಮ ಸೊಸ್ತ್ಯಾರ ಬಾಯಿಲೆ ಗಂಡಂದಿರ ಹೆಸರೆಲ್ಲಾ ಹೇಳಿಸಿದಿರಿ. ಈಗ ನಿಮ್ಮ ಹೆಂಡತಿ ಹೆಸರು ಹೇಳ್ರಿ. ಒಡಪು ಹಾಕಿ."

ಸಾಹೇಬರ ಕಿವಿ ಕೆಂಪಾದವು. "ನಮ್ಮ ಕಡೆ ಹಾಗೆಲ್ಲ ಹೇಳಲ್ಲಮ್ಮ... ಮನೇಲಿ ನಾನು 'ಇವಳೇ' ಅಂತ ಕರೀತೀನಿ."

"ಇವಳೇ ಅಂದರ ಹೆಸರಾ? ಹೇಳ್ರಿ."

ಸಾಹೇಬರು ಅಕ್ಕೋರ ಕಡಿ ನೋಡಿದರು. ಅಕ್ಕೋರು ಎತ್ತಿನ ಕಡಿ ನೋಡ್ಲತ್ತಿದ್ದರು. "ಬೇಕಾದ್ರೆ ಬರೆದು ಕೊಡ್ತೀನಮ್ಮ" ಅಂತ ಸಾಹೇಬರು ಕಿಸೆದಾಗಿನ ಪೆನ್ನು ತೆಗೆದರು.

"ನಮಗ ಓದ್ಲಿಕ್ಕ ಬರಲ್ಲ" ಅಂದಳು ಮುದುಕಿ, ಕೋಲು ಸರಸಲಿಲ್ಲ. ಸೀದಾ ನನ್ನ ಕಡಿ ಹೊಳ್ಳಿ ದನಿ ಏರಿಸಿದಳು:

"ಮುನ್ಶಿ, ನೀನೇ ತಗೋ ಆ ಪೆನ್ನು! ಬರಿ: ಹೆಂಡತಿ ಹೆಸರು ಹೇಳ್ಲಿಲ್ಲ, ಸಾಹೇಬರ ಲಗ್ನಾನ ಬೋಗಸ್!"