ಜಯಕರ ಇನ್ನು ಮುಂದೆ ಮನೆಯಲ್ಲಿ

ಹಳೆಯ ಪತ್ರಿಕೆ ಓದುವುದರಲ್ಲಿರುವ ಸುಖ ಹೊಸ ಪತ್ರಿಕೆಯಲ್ಲಿಲ್ಲ. ಹೊಸದನ್ನು ಬಿಡಿಸಿದರೆ ಯಾವ ಕಂಪನಿ ಯಾರನ್ನು ಕೆಲಸದಿಂದ ತೆಗೆಯಿತು ಎಂಬುದೇ ಸುದ್ದಿ. ನೂರು ವರ್ಷ ಹಳೆಯದಾದರೆ ಅತ್ತವರೂ ಅಳಿಸಿದವರೂ ಯಾವತ್ತೋ ಹೋಗಿಯಾಗಿರುತ್ತದೆ, ಅದರಿಂದ ನಮಗೆ ಯಾವ ಅಪಾಯವೂ ಇಲ್ಲ. ಹೀಗೆಂದು ನಾನು ಗಟ್ಟಿಯಾಗಿ ನಂಬಿದ್ದೆ. ದುಬೈಯಲ್ಲಿ ಕ್ರೇನುಗಳೆಲ್ಲ ಇದ್ದಲ್ಲೇ ನಿಂತುಬಿಟ್ಟ ವರ್ಷ ಅದು. ಕುವೈತಿನ ಶುಐಬಾದಲ್ಲಿ, ನಾನು ಬಿಡಿಭಾಗಗಳ ಸ್ಟೋರು ನೋಡಿಕೊಳ್ಳುತ್ತಿದ್ದ ಕಂಪನಿಯಲ್ಲಿಯೂ ಯಾರ ತಲೆ ಯಾವಾಗ ಉರುಳುತ್ತದೋ ಎಂದು ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ಮಗಳು ಹತ್ತನೆಯ ಕ್ಲಾಸು. ಕೆಲಸ ಹೋದರೆ ಇಲ್ಲಿ ಇರಲು ಕೊಡುವ ಪರವಾನಗಿ, ಇಕಾಮಾ, ಹೋಯಿತು, ಇಕಾಮಾ ಹೋದರೆ ವರ್ಷದ ನಡುವೆ ಅವಳ ಶಾಲೆ ಬಿಡಿಸಿ ಮಂಗಳೂರಿನ ವಿಮಾನ ಹತ್ತಬೇಕು. ಇದನ್ನು ಯೋಚಿಸಿ ಯೋಚಿಸಿ ತಲೆ ಕೆಡುವಂತಾದಾಗ ನಾನು ಕಂಪ್ಯೂಟರಿನಲ್ಲಿ ಇಂಗ್ಲೆಂಡಿನ ಹಳೆಯ ಪತ್ರಿಕೆಗಳನ್ನು ತೆರೆದು ಕೂರುತ್ತಿದ್ದೆ.

ಏನು ಜನ ಮಾರಾಯರೇ ಅವರು! ಲೋಕದ ಅರ್ಧ ಭಾಗವನ್ನು ಆಳುತ್ತಿದ್ದವರು ಸಂಪಾದಕರಿಗೆ ಪತ್ರ ಬರೆಯಲು ಕೂತರೆ ವಿಷಯ ಮಾತ್ರ ಪಕ್ಕದ ಮನೆಯ ಪಿಯಾನೋ. ನಾಟಕಕ್ಕೆ ಬರುವ ಹೆಂಗಸರು ತಲೆಯ ಮೇಲೆ ಹೂವು, ಹಕ್ಕಿ ಎಲ್ಲ ಕೂರಿಸಿದ ಟೋಪಿ ಹಾಕಿಕೊಂಡರೆ ಹಿಂದೆ ಕೂತವನು ಏನು ನೋಡಬೇಕು ಎಂದು ಒಬ್ಬ ಕೇಳುತ್ತಾನೆ. ಮೋಟಾರು ಕಾರು ಬಂದ ಮೇಲೆ ನನ್ನ ಕೋಳಿಗಳು ಮೊಟ್ಟೆ ಇಡುವುದನ್ನೇ ಬಿಟ್ಟಿವೆ ಎಂದು ಇನ್ನೊಬ್ಬ ಗೋಳಾಡುತ್ತಾನೆ. ಸೆಕೆಗಾಲದಲ್ಲಿ ಗಂಡಸರು ಕೋಟು ಬಿಚ್ಚಬಹುದೇ ಎಂಬ ಬಗ್ಗೆ ವಾರಗಟ್ಟಲೆ ಜಗಳ. ನಮ್ಮ ಜುಲೈ ತಿಂಗಳಲ್ಲಿ ಅವರನ್ನು ಶುಐಬಾದ ಅಂಗಳದಲ್ಲಿ ಹತ್ತು ನಿಮಿಷ ನಿಲ್ಲಿಸಿದ್ದರೆ ಕೋಟಿನ ಪ್ರಶ್ನೆ ಅಲ್ಲಿಗೇ ಬಗೆಹರಿಯುತ್ತಿತ್ತು.

ಈ ಓದಿನಲ್ಲಿಯೇ ನನಗೊಂದು ಅಪೂರ್ವ ಪದ್ಧತಿ ಕಣ್ಣಿಗೆ ಬಿತ್ತು. ಅಲ್ಲಿನ ದೊಡ್ಡ ಮನೆಗಳವರು, ವಾರದ ಇಂಥ ದಿನ, ಇಂಥ ಹೊತ್ತಿನಲ್ಲಿ ನಾವು ‘ಅಟ್ ಹೋಮ್’ ಎಂದು ಮೊದಲೇ ತಿಳಿಸಿಬಿಡುತ್ತಿದ್ದರು. ಅಂದರೆ ಆಗ ಬನ್ನಿ, ಚಹಾ ಕುಡಿಯಿರಿ, ಹೋಗಿ. ಬೇರೆ ಹೊತ್ತಿನಲ್ಲಿ ಬಂದರೆ ಯಜಮಾನಿತಿ ಒಳಗೇ ಇದ್ದರೂ ಆಳು ಬಾಗಿಲಲ್ಲಿ ‘ಅಮ್ಮನವರು ಮನೆಯಲ್ಲಿಲ್ಲ’ ಎನ್ನುತ್ತಿದ್ದ, ಬಂದವರು ಬೇಸರವಿಲ್ಲದೆ ತಿರುಗಿ ಹೋಗುತ್ತಿದ್ದರು. ಓದಿ ನನಗೆ ಕಣ್ಣು ತುಂಬಿ ಬಂತು. ಏಕೆಂದರೆ ಅಬು ಹಲೀಫಾದ ನಮ್ಮ ಫ್ಲ್ಯಾಟಿನಲ್ಲಿ ಶುಕ್ರವಾರ ಎಂಬುದೊಂದು ಶಿಕ್ಷೆ. ವಾರವಿಡೀ ದುಡಿದವನು ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಉಂಡು ಕಣ್ಣು ಮುಚ್ಚಬೇಕು ಎನ್ನುವಾಗಲೇ ಬೆಲ್ಲು. ‘ಹೀಗೇ ಈ ಕಡೆ ಬಂದಿದ್ದೆವು.’ ಬಂದವರಿಗೆ ಚಹಾ ಬೇಡ, ಬೇಡ ಎನ್ನುತ್ತಲೇ ಎರಡು ಸಲ ಆಗುತ್ತದೆ.

ಹೆಂಡತಿ ಶಾರದಾಳಿಗೆ ಈ ಪದ್ಧತಿಯನ್ನು ವಿವರಿಸಿದೆ. “ಅಲ್ಲ, ನಮ್ಮಲ್ಲಿ ಆಳು ಎಲ್ಲುಂಟು? ನಾನೇ ಬಾಗಿಲು ತೆಗೆದು ‘ನಾನು ಇಲ್ಲ’ ಅಂತ ಹೇಳ್ಬೇಕಾ?” ಎಂದಳು. ಮಗಳು “ಅಪ್ಪಾ, ಪ್ಲೀಸ್ ಡೋಂಟ್” ಎಂದಳು. ಮನೆಯಲ್ಲಿ ಇಬ್ಬರು ಬುದ್ಧಿವಂತರಿದ್ದೂ ನಾನು ಕೇಳಲಿಲ್ಲ. ನಮ್ಮ ಊರಿನವರ ಸಂಘ ತಿಂಗಳಿಗೊಮ್ಮೆ ಈಮೇಲಿನಲ್ಲಿ ಕಳಿಸುವ ವಾರ್ತಾಪತ್ರಕ್ಕೆ ಒಂದು ಪ್ರಕಟಣೆ ಬರೆದೆ. ಶುಕ್ರವಾರ ಸಂಜೆ ನಾಲ್ಕರಿಂದ ಆರರ ತನಕ ನಮ್ಮಲ್ಲಿಗೆ ಸ್ವಾಗತ ಎಂಬ ವಿಷಯ ಕೆಳಗಿತ್ತು. ಮೇಲೆ, ‘ಅಟ್ ಹೋಮ್’ ಎಂಬುದನ್ನು ಅಚ್ಚಗನ್ನಡದಲ್ಲಿ ಹೇಳಬೇಕೆಂಬ ಭಾಷಾಭಿಮಾನದಿಂದ, ದಪ್ಪ ಅಕ್ಷರದಲ್ಲಿ ತಲೆಬರಹ ಕೊಟ್ಟೆ: ‘ಜಯಕರ ಇನ್ನು ಮುಂದೆ ಮನೆಯಲ್ಲಿ.’

ತಲೆಬರಹದ ಕೆಳಗಿನದನ್ನು ಯಾರೂ ಓದುವುದಿಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು. ಗಲ್ಫಿನಲ್ಲಿ ಒಬ್ಬ ಗಂಡಸು ‘ಮನೆಯಲ್ಲಿದ್ದಾನೆ’ ಎಂದರೆ ಅದಕ್ಕಿರುವುದು ಒಂದೇ ಅರ್ಥ ಎಂಬುದಂತೂ ಖಂಡಿತ ಗೊತ್ತಿರಬೇಕಿತ್ತು.

ವಾರ್ತಾಪತ್ರ ಬಂದ ಮೊದಲ ಶುಕ್ರವಾರ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದಾಗಲೇ ಬೆಲ್ಲಾಯಿತು. ಕೆಳಗಿನ ಮಹಡಿಯ ಗ್ಲಾಡಿಸ್ ಬಾಯಿ ಇಡ್ಲಿಯಂಥ ಸಣ್ಣಾ ತುಂಬಿದ ಡಬ್ಬಿ ಹಿಡಿದು ನಿಂತಿದ್ದರು. “ನಿಮ್ಮ ಹೆಸರಲ್ಲಿ ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಶುರು ಮಾಡಿದ್ದೇನೆ. ದೇವರು ಒಂದು ದಾರಿ ತೋರಿಸ್ತಾನೆ” ಎಂದು ಕಣ್ಣೊರೆಸಿಕೊಂಡರು. ನಾನು ಬ್ರಶ್ ಬಾಯಲ್ಲಿಟ್ಟುಕೊಂಡೇ ಕೈಮುಗಿದೆ. ಅವರ ಹಿಂದೆಯೇ ಸದಾನಂದ. ಅರ್ದಿಯಾದ ಗೋದಾಮಿನಲ್ಲಿ ಕೆಲಸ, ಮಾತು ಬೆಣ್ಣೆ. ಸೋಫಾದಲ್ಲಿ ಕೂತು ನನ್ನ ಮೊಣಕಾಲು ತಟ್ಟಿದ. “ಜಯಣ್ಣ, ಹೆದರ್ಬೇಡಿ. ನಾವೆಲ್ಲ ಇಲ್ವಾ? ಇಕಾಮಾ ಇನ್ನೆಷ್ಟು ತಿಂಗಳುಂಟು?”

“ಯಾಕೆ ಮಾರಾಯ?”

“ಅಲ್ಲ, ಕಂಪನಿಯವರೇ ತೆಗೆದದ್ದಾ, ಇಲ್ಲ ನೀವೇ ಬಿಟ್ಟದ್ದಾ?”

ಆಗ ನನಗೆ ಹೊಳೆಯಿತು. ಕೆಲಸ ಹೋಗಿಲ್ಲವೆಂದು ಆಣೆ ಮಾಡಿ ಹೇಳಿದೆ. ಇಂಗ್ಲೆಂಡು, ಟೋಪಿ, ಚಹಾ ಎಲ್ಲವನ್ನೂ ವಿವರಿಸಿದೆ. ಪಾಪ, ತಲೆಗೂ ಪೆಟ್ಟು ಬಿದ್ದಿದೆ ಎಂಬಂತೆ ಇಬ್ಬರೂ ಮುಖ ಮುಖ ನೋಡಿಕೊಂಡರು. “ಸ್ವಾಭಿಮಾನಿ ನೀವು, ನಂಗೆ ಗೊತ್ತಿಲ್ವಾ” ಎಂದ ಸದಾನಂದ, “ನಿಮ್ಮ ಮ್ಯಾನೇಜರಿನ ಈಮೇಲ್ ಒಮ್ಮೆ ಕೊಡಿ. ನಿಮ್ಮ ಬಗ್ಗೆ ನಾಲ್ಕು ಒಳ್ಳೆ ಮಾತು ಬರೀತೇನೆ” ಎಂದ. ಕೊಟ್ಟರೆ ತೊಲಗುತ್ತಾನೆಂದು ಕೊಟ್ಟೆ. ಆ ದಿನ ಜನ ಬಂದರು, ಬಂದರು, ಬರುತ್ತಲೇ ಇದ್ದರು. ಎಲ್ಲರಿಗೂ ಮ್ಯಾನೇಜರಿನ ವಿಳಾಸ ಬೇಕು. ಬಾಳೆಹಣ್ಣು, ಸೇಬು ಸೇರಿ ನಮ್ಮ ಅಡುಗೆಮನೆ ಆಸ್ಪತ್ರೆಯ ವಾರ್ಡಿನಂತಾಯಿತು. ಶಾರದಾ ನನ್ನೊಡನೆ ಮಾತು ಬಿಟ್ಟಳು.

ಶುಕ್ರ, ಶನಿ ರಜೆ ಕಳೆದು ಭಾನುವಾರ ಆಫೀಸಿಗೆ ಕಾಲಿಟ್ಟ ಕೂಡಲೇ ಮ್ಯಾನೇಜರರಿಂದ ಕರೆ ಬಂತು. ಈಜಿಪ್ಟಿನವರು, ಗಟ್ಟಿ ದನಿ, ನಕ್ಕದ್ದನ್ನು ನಾನು ನೋಡಿದ್ದಿಲ್ಲ. ನೂರು ವರ್ಷದ ಹಿಂದಿನ ಯಾವುದೋ ಯಜಮಾನಿತಿಯ ಚಹಾದಿಂದಾಗಿ ನನ್ನ ಮಗಳ ಶಾಲೆ ಹೋಗುತ್ತದಲ್ಲ ಎಂದುಕೊಳ್ಳುತ್ತ ಅವರ ಬಾಗಿಲು ತಟ್ಟಿದೆ.

“ಮಿಸ್ಟರ್ ಜಯ, ನೀನು ಕೆಲಸ ಬಿಟ್ಟಿದ್ದೀಯಂತೆ. ಖಲಾಸ್?”

“ಇಲ್ಲ ಸರ್! ಯಾರು ಹೇಳಿದ್ದು?”

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನನ್ನ ಬಗ್ಗೆ ಒಳ್ಳೆಯ ಮಾತು ಒಂದಾದರೂ ಇದೆಯೇ ಎಂದು ಹುಡುಕಿದೆ. ಎಲ್ಲಿಯ ಮಾತು! ಪರದೆಯ ತುಂಬ ಬಯೋಡೇಟಾ. ಸದಾನಂದನ ಭಾವನದ್ದು, ಸೇಬು ತಂದವರ ಮೈದುನನದ್ದು, ಗ್ಲಾಡಿಸ್ ಬಾಯಿಯ ತಂಗಿಯ ಮಗನದ್ದು, ಎಲ್ಲರದ್ದೂ ನನ್ನ ಕುರ್ಚಿಗೆ ಅರ್ಜಿ. ನೊವೇನಾ ಯಾರ ಹೆಸರಲ್ಲಿ ನಡೆದಿತ್ತೆಂದು ಈಗ ತಿಳಿಯಿತು.

“ನಿಜ ಹೇಳಲೇ?” ಎಂದರು ಮ್ಯಾನೇಜರ್. “ನಿನ್ನ ಸೆಕ್ಷನನ್ನೇ ಮುಚ್ಚಬೇಕೆಂದಿದ್ದೆ. ನೀನು ಅಲ್ಲಿ ಏನು ಮಾಡುತ್ತೀ ಎಂಬುದು ನನಗೆ ಯಾವತ್ತೂ ಅರ್ಥವಾಗಿರಲಿಲ್ಲ. ಆದರೆ ಈ ಕಾಲದಲ್ಲಿಯೂ ಇಷ್ಟೊಂದು ಜನ ಬಂದು ಬೀಳುತ್ತಾರೆಂದರೆ ಅದು ದೊಡ್ಡ ಕೆಲಸವೇ ಇರಬೇಕು. ಯಲ್ಲಾ, ನಡೆ ನಡೆ, ಕೆಲಸ ಮಾಡು.”

ಬದುಕಿದೆ! ಸ್ಟೋರಿಗೆ ಬಂದು ಬೇರಿಂಗುಗಳ ನಡುವೆ ಕೂತು ಒಂದು ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿದೆ. ಎದೆಯ ಮೇಲಿನ ಕಲ್ಲು ಇಳಿದು ಎಷ್ಟು ಹಗುರವಾಯಿತೆಂದರೆ, ಯಾರ ಮೇಲೂ ಸಿಟ್ಟು ಬರಲಿಲ್ಲ. ಶಾರದಾಳಿಗೆ ಫೋನು ಮಾಡಿದೆ. ಅವಳು ಅತ್ತಳು, ಆಮೇಲೆ ಬೈದಳು, ಅಂದರೆ ಮಾತು ಶುರುವಾಯಿತು. ಇಷ್ಟು ವರ್ಷ ನಾನು ಪ್ರಾಮಾಣಿಕವಾಗಿ ದುಡಿದದ್ದು ಉಳಿಸಲಾರದ ಕೆಲಸವನ್ನು ಊರಿನವರ ಆಸೆ ಉಳಿಸಿತ್ತು. ಉಪಕಾರ ಸ್ಮರಿಸುವುದು ಧರ್ಮ ಎಂದುಕೊಂಡು ಸದಾನಂದನಿಗೂ ಫೋನು ಹಚ್ಚಿದೆ.

“ನಿನ್ನ ಭಾವನ ಬಯೋಡೇಟಾಕ್ಕೆ ತುಂಬ ಥ್ಯಾಂಕ್ಸ್ ಸದಾನಂದ. ಮ್ಯಾನೇಜರ್ ಓದಿದರು.”

ಆ ಕಡೆಯಿಂದ, ಆಸೆ ತಡೆಯಲಾರದ ದನಿಯಲ್ಲಿ, “ಹಾಗಾದ್ರೆ ಕೆಲಸ ಸಿಕ್ತಾ ಜಯಣ್ಣ?” ಎಂದ.

“ಸಿಕ್ಕಿತು ಮಾರಾಯ,” ಎಂದೆ, “ನನಗೆ.”