ಕೊನೆಯ ಸುತ್ತಿನ ದಿನ ಪಾಚಿ ಸಾರು

ಒಕ್‌ಜಾ: ಮುಚ್ಚಳ ಕೆಳಗಿಡ್ರೀ. ಅದು ಸಾರು, ಬಾಂಬಲ್ಲ.

ದೊಕ್‌ಮಾನ್: ಬಾಂಬಾಗಿದ್ರೆ ಪೊಲೀಸ್‌ನೋರನ್ನಾದ್ರೂ ಕರೀಬೋದಿತ್ತು. ಇವತ್ತು, ಈ ದಿನ, ಕಡಲಪಾಚಿ ಸಾರು! ನಿಂಗೆ ತಲೆ ನೆಟ್ಟಗಿದ್ಯೇನೇ?

ಒಕ್‌ಜಾ: ಇವತ್ತು ಮಗಳ ಹುಟ್ಟಿದಬ್ಬ. ಹುಟ್ಟಿದಬ್ಬದ ದಿನ ಪಾಚಿ ಸಾರು ಮಾಡದೆ ನಿಮ್ಮ ತಲೆ ಮಾಡ್ಲಾ?

ದೊಕ್‌ಮಾನ್: ಇವತ್ತು ಫೈನಲ್ಲೂ ಹೌದು. ಪರೀಕ್ಷೆಗೆ ಹೊರಟ ಮಕ್ಳಿಗೆ ಯಾರಾದ್ರೂ ಪಾಚಿ ಸಾರು ಹಾಕ್ತಾರಾ? ಪಾಚಿ ತಿಂದೋರು ಜಾರಿ ಬೀಳ್ತಾರೆ. ಹಾಲು ಕುಡಿಯೋ ಮಗೂಗೂ ಗೊತ್ತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇಲ್ಲಿ ಉಣ್ಣುವುದರ ಬಗ್ಗೆಯೇ ಜಗಳ, ಅದೂ ಬೆಳಕು ಹರಿಯುವ ಹೊತ್ತಿಗೆ, ಗಾಲ್ಫ್ ಮೈದಾನದ ಪಕ್ಕದ ವಸತಿಗೃಹದ ಅಡುಗೆಮನೆಯಲ್ಲಿ. ಕೊರಿಯಾದ ಹೆಂಗಸರ ಗಾಲ್ಫಿನಲ್ಲಿ ಆ ವರ್ಷದ ಅತಿ ದೊಡ್ಡ ಚಾಂಪಿಯನ್‌ಶಿಪ್ಪಿಗೆ ಅಂದು ಕೊನೆಯ ಸುತ್ತು. ಇವರ ಮಗಳು ಬೊರಮ್ ಮತ್ತು ಜಿನ್‌ಸೋಲ್ ಎಂಬ ಇನ್ನೊಬ್ಬ ಹುಡುಗಿ ಎಲ್ಲರಿಗಿಂತ ಮುಂದೆ, ಸಮಸಮ. ಇಬ್ಬರೂ ಗೆದ್ದವರಿಗೆ ಸಿಗುವ ಇಂಥ ದೊಡ್ಡ ಬಟ್ಟಲನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಿದ್ದರೇ ಹೊರತು ಕೈಯಲ್ಲಿ ಹಿಡಿದವರಲ್ಲ. ದೊಕ್‌ಮಾನ್ ಬಸ್ಸು ಓಡಿಸುವ ಕೆಲಸ ಬಿಟ್ಟು, ಮಗಳ ಕೋಲುಗಳ ಚೀಲ ಹೊರುವ ಕ್ಯಾಡಿಯಾಗಿ ವರ್ಷಗಳೇ ಕಳೆದಿದ್ದವು. ಆ ಬಟ್ಟಲು ಇವತ್ತು ಕೈತಪ್ಪಿದರೆ ತನ್ನ ಎದೆ ಒಡೆದುಹೋಗುತ್ತದೆ ಎಂದು ಅವನಿಗೆ ಖಚಿತವಾಗಿತ್ತು.

ಒಕ್‌ಜಾ: ನಾನು ವಾಂಡೋ ದ್ವೀಪದೋಳು ಕಣ್ರೀ. ಇಡೀ ದೇಶಕ್ಕೆ ಪಾಚಿ ಕೊಡೋ ಊರು. ನಾವು ಮೂರು ಹೊತ್ತೂ ಅದೇ ತಿಂದು ಬೆಳ್ದಿದ್ದು. ಪಾಚಿ ತಿಂದೋರು ಜಾರೋದಾಗಿದ್ರೆ ನಮ್ಮೂರಿಗೆ ಊರೇ ಜಾರಿ ಸಮುದ್ರದಲ್ಲಿರ್ತಿತ್ತು.

ದೊಕ್‌ಮಾನ್: ನಿಮ್ಮಣ್ಣ ಮೂರು ಸಲ ಪರೀಕ್ಷೆಲಿ ಜಾರಿದ್ನಲ್ಲ.

ಒಕ್‌ಜಾ: ಅವನು ಓದ್ಲಿಲ್ಲ!

ದೊಕ್‌ಮಾನ್: ಓದ್ಲಿಲ್ಲ, ಮೇಲಿಂದ ಪಾಚಿ ಬೇರೆ ತಿಂದ.

ಒಕ್‌ಜಾ: ಇವಳು ಆಟಕ್ಕೆ ಸೇರಿದಾಗಿಂದ ಹುಟ್ಟಿದಬ್ಬ ಅನ್ನೋದು ಈ ಹಾಳು ಟೂರ್ನಮೆಂಟ್ ವಾರದಲ್ಲೇ ಬರತ್ತೆ. ಪ್ರತಿ ವರ್ಷ ನೀವು ಬೇಡ ಅಂದ್ರಿ, ನಾನು ಬಾಯಿ ಮುಚ್ಕೊಂಡೆ. ಸಾರು ಕುಡೀದೇನೇ ಅವಳು ಪ್ರತಿ ವರ್ಷ ಜಾರಿದ್ಲಲ್ಲ, ಅದಕ್ಕೇನಂತೀರಿ?

ಮಾತಿನಲ್ಲಿ ಸೋತಾಗ ದೊಕ್‌ಮಾನ್ ಮೂಗು ಒರೆಸಿಕೊಳ್ಳುತ್ತಾನೆ. ಒರೆಸಿಕೊಂಡ.

ಒಕ್‌ಜಾ: ಅದೂ ಅಲ್ದೆ ಆ ಸಾರು ಅವಳೊಬ್ಬಳದಲ್ಲ. ಹೆತ್ತ ದಿನ ನಾನು ಕುಡಿದ ಸಾರು ಅದು. ನೋವು ತಿಂದೋಳು ನಾನು. ಆಗ ನೀವೆಲ್ಲಿದ್ರಿ?

ದೊಕ್‌ಮಾನ್: ಬಸ್ಸಲ್ಲಿದ್ದೆ.

ಒಕ್‌ಜಾ: ಬಸ್ಸಲ್ಲೇ ಇದ್ರಿ.

ದೊಕ್‌ಮಾನ್: ಮಧ್ಯ ದಾರೀಲಿ ಜನಾನ ಇಳಿಸಿ ಬರೋಕಾಗತ್ತಾ?

ಒಕ್‌ಜಾ: ಈಗ್ಲೂ ನಾನು ಅದನ್ನೇ ಕೇಳ್ತಿರೋದು. ಅವಳ ಗಂಟಲಿಗೆ ಒಂದು ಬಟ್ಟಲು ಸಾರು ಇಳಿಸೋಕೆ ಇಷ್ಟು ಕಷ್ಟಾನಾ?

ದೊಕ್‌ಮಾನ್: ಸರಿ, ರಾಜಿ ಆಗೋಣ. ಪಾಚಿ ಎಲ್ಲಾ ತೆಗೆದ್ಬಿಟ್ಟು ಬರೀ ತಿಳಿನೀರು ಕೊಡು.

ಒಕ್‌ಜಾ: ತಿಳಿನೀರು ಕೊಡೋಕೆ ಅವಳಿಗೆ ಹುಟ್ಟಿದಬ್ಬಾನಾ, ಜ್ವರಾನಾ?

ದೊಕ್‌ಮಾನ್: ಹಾಗಾದ್ರೆ ನಿನ್ನೆದೇ ಅಂಟಕ್ಕಿ ಕಡುಬು ಇದ್ಯಲ್ಲ, ಅದನ್ನ ಕೊಡು. ಪರೀಕ್ಷೆ ಮಕ್ಳಿಗೆ ಕೊಡೋದೇ ಅದು. ಅಂಟು ತಿಂದ್ರೆ ಗೆಲುವು ಅಂಟ್ಕೊಳ್ಳತ್ತೆ.

ಒಕ್‌ಜಾ: ಆಹಾ! ನಿನ್ನೆ ತಿನ್ಸಿದ್ರಲ್ಲ, ಏನಾಯ್ತು? ಹದಿನಾಲ್ಕನೇ ಕುಳಿ. ಚೆಂಡು ಬಂತು, ಬಂತು, ಬಂತು, ಕುಳಿ ಅಂಚಲ್ಲಿ ಅಂಟ್ಕೊಂಡು ನಿಂತ್ಬಿಡ್ತು.

ದೊಕ್‌ಮಾನ್: ಅದು ಗಾಳಿ.

ಒಕ್‌ಜಾ: ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಗಾಳಿ ಅಲ್ಲ ಕಣ್ರೀ, ಕಡುಬು! ಪರೀಕ್ಷೆಲಿ ಅಂಟ್ಕೋಬೇಕು, ಸರಿ. ಗಾಲ್ಫಲ್ಲಿ ಚೆಂಡು ಅಂಟ್ಕೊಂಡ್ರೆ ಕೆಟ್ಟಿತು. ಜಾರಿ ಒಳಗೆ ಬೀಳ್ಬೇಕು. ಅದಕ್ಕೆ ಬೇಕಾಗಿರೋದು ಪಾಚಿ.

ದೊಕ್‌ಮಾನ್: ಜಾರ್ಬೇಕಾಗಿರೋದು ಚೆಂಡು, ಆಟಗಾರ್ತಿ ಅಲ್ಲ. ಸಾರು ಕುಡಿಯೋದು ಚೆಂಡಾ?

ಒಕ್‌ಜಾ: ಕಡುಬು ತಿಂದಿದ್ದು ಚೆಂಡಾ?

ಇದು ಕೊಂಚ ಗಟ್ಟಿ ಏಟು. ದೊಕ್‌ಮಾನ್ ಮತ್ತೆ ಮೂಗಿಗೆ ಕೈ ಒಯ್ಯುವಷ್ಟರಲ್ಲಿ ಬೊರಮ್ ಒಳಗೆ ಬಂದಳು. ಟೋಪಿ, ಬಿಳಿ ಕೈಗವಸು, ನಿದ್ದೆಗೆಟ್ಟ ಕಣ್ಣು. ಗಂಡ ಹೆಂಡತಿ ಇಬ್ಬರೂ ಪಾತ್ರೆಗೆ ಅಡ್ಡವಾಗಿ ನಿಂತು ನಕ್ಕರು.

ಬೊರಮ್: ನಗ್ಬೇಡಿ. ಮೆಟ್ಟಿಲವರ್ಗೂ ಕೇಳ್ತಿತ್ತು. ಇಡೀ ವಸತಿಗೃಹಕ್ಕೆ ನನ್ನ ಹುಟ್ಟಿದಬ್ಬ ಗೊತ್ತಾಗೋ ಹಾಗಿತ್ತು.

ಒಕ್‌ಜಾ: ಒಂದೇ ಒಂದು ಬಟ್ಟಲು, ಚಿನ್ನ.

ದೊಕ್‌ಮಾನ್: ಒಂದೇ ಒಂದು ಕಡುಬು, ಬಂಗಾರ.

ಬೊರಮ್: ಎರಡೂ ಬೇಡ. ನಾನು ಆಗ್ಲೇ ಪಾಚಿ ಸಾರು ಕುಡಿದಾಯ್ತು.

ದೊಕ್‌ಮಾನ್: ಎಲ್ಲಿ?

ಬೊರಮ್: ಜಿನ್‌ಸೋಲ್ ಅಮ್ಮ ಕೊಟ್ರು. ಅಪ್ಪಾ, ಬೇಗ ಬಾ. ಚೆಂಡು ಹೊಡೆದು ಕೈ ಬಿಸಿ ಮಾಡ್ಕೋಬೇಕು.

ಅಷ್ಟು ಹೇಳಿ ಅವಳು ಹೊರಟೇಹೋದಳು. ಒಲೆಯ ಮೇಲೆ ಸಾರು ಗುಳುಗುಳು ಅನ್ನುತ್ತಿತ್ತು. ಜಿನ್‌ಸೋಲ್ ಮನೆಯವರೂ ಅದೇ ವಸತಿಗೃಹದಲ್ಲಿ, ಅದೇ ಮೊಗಸಾಲೆಯ ಕೊನೆಯ ಕೋಣೆಯಲ್ಲಿ ಇಳಿದಿದ್ದರು. ಒಕ್‌ಜಾ ನಿಧಾನವಾಗಿ ಒಲೆ ಆರಿಸಿದಳು.

ಒಕ್‌ಜಾ: ಆ ಹೆಂಗಸು. ನನ್ನ ಮಗಳಿಗೆ. ಫೈನಲ್ ದಿನ. ಪಾಚಿ ಸಾರು.

ದೊಕ್‌ಮಾನ್: ಹುಟ್ಟಿದಬ್ಬ ಅಲ್ವೇನೇ, ಪಾಪ...

ಒಕ್‌ಜಾ: ಹುಟ್ಟಿದಬ್ಬ ಅಂತೆ ಹುಟ್ಟಿದಬ್ಬ! ಪಾಚಿ ತಿಂದೋರು ಜಾರ್ತಾರೆ ಅಂತ ಹಾಲು ಕುಡಿಯೋ ಮಗೂಗೂ ಗೊತ್ತು.

ದೊಕ್‌ಮಾನ್: ಅದು ನಾನು ಹೇಳಿದ್ದು.

ಒಕ್‌ಜಾ: ಹೌದು. ಮದುವೆಯಾದಾಗಿಂದ ನೀವಾಡಿದ ಒಂದೇ ಸರಿಯಾದ ಮಾತು.

ದೊಕ್‌ಮಾನ್ ಬೇಗ ಬೇಗ ಲೆಕ್ಕ ಹಾಕಿದ. ಮಗಳ ಹೊಟ್ಟೆಯಲ್ಲಿ ಆಗಲೇ ಪಾಚಿ ಇದೆ. ಇನ್ನು ಅದನ್ನು ಬೈದು ಪ್ರಯೋಜನವಿಲ್ಲ, ಹೊಗಳಿದರೆ ಮಾತ್ರ ಬದುಕುವ ದಾರಿ.

ದೊಕ್‌ಮಾನ್: ಚೆಂಡು ಜಾರಿ ಕುಳಿಗೆ ಬೀಳತ್ತೆ ಅಂತ ನೀನೇ ಅಂದ್ಯಲ್ಲ. ಗಾಲ್ಫಿಗೆ ಪಾಚಿನೇ ಸರಿ ಅಂತ ನಂಗೂ ಈಗ ಅನ್ಸ್ತಿದೆ.

ಒಕ್‌ಜಾ: ನಾನು ಮಾಡಿದ ಸಾರು ಕುಡಿದ್ರೆ ಚೆಂಡು ಜಾರತ್ತೆ. ಅವಳು ಮಾಡಿದ್ದು ಕುಡಿದ್ರೆ ಮಗಳು ಜಾರ್ತಾಳೆ. ಬಡಿಸೋ ಕೈ ಯಾರದು ಅನ್ನೋದು ಮುಖ್ಯ ಕಣ್ರೀ.

ದೊಕ್‌ಮಾನ್: ಒಂದೇ ಪಾಚಿ, ಒಂದೇ ಸಮುದ್ರ...

ಒಕ್‌ಜಾ: ಆ ತಟ್ಟೆ ಕೊಡಿ. ಹೂವಿರೋದು.

ಒಕ್‌ಜಾ ಉಳಿದಿದ್ದ ಅಂಟಕ್ಕಿ ಕಡುಬುಗಳನ್ನು ಒಂದೊಂದಾಗಿ ತಟ್ಟೆಯಲ್ಲಿ ಜೋಡಿಸಿದಳು. ಮೇಲೆ ಬಿಳಿ ಬಟ್ಟೆ ಹೊದಿಸಿದಳು. ಸ್ಟೀಲ್ ಪಾತ್ರೆಯ ಹೊಳಪಿನಲ್ಲಿ ಮುಖ ನೋಡಿ ತುಟಿಗೆ ಬಣ್ಣ ಹಚ್ಚಿಕೊಂಡಳು.

ದೊಕ್‌ಮಾನ್: ಏನೇ ಮಾಡ್ತಿದ್ದೀಯ?

ಒಕ್‌ಜಾ: ಒಳ್ಳೇದು ಮಾಡ್ತಿದ್ದೀನಿ. ಪರೀಕ್ಷೆಗೆ ಹೊರಟ ಮಗೂಗೆ ಕಡುಬು ಕೊಡೋದು ನಮ್ಮ ವಾಡಿಕೆ. ಜಿನ್‌ಸೋಲ್ ಗೆಲ್ಲಲಿ ಅಂತ ಹಾರೈಸಿ ಬರ್ತೀನಿ.

ದೊಕ್‌ಮಾನ್: ಅವಳ ಚೆಂಡು ಅಂಚಲ್ಲಿ ಅಂಟ್ಕೊಳ್ಲಿ ಅಂತಾನಾ?

ಒಕ್‌ಜಾ: ವಾಡಿಕೆ ಅಂದ್ನಲ್ಲ.

ಹೋದಷ್ಟೇ ಬೇಗ ಅವಳು ಬರಿಗೈಯಲ್ಲಿ ವಾಪಸು ಬಂದಳು. ದೊಕ್‌ಮಾನ್ ಚೀಲ ಹೆಗಲಿಗೇರಿಸಿ ಬಾಗಿಲಲ್ಲೇ ಕಾಯುತ್ತಿದ್ದ.

ದೊಕ್‌ಮಾನ್: ತಿಂದ್ಲಾ?

ಒಕ್‌ಜಾ: ನನ್ನ ಕಣ್ಣೆದುರಿಗೇ. ಎರಡು.

ದೊಕ್‌ಮಾನ್: ಎರಡೇನಾ?

ಕೇಳಿದ ಮೇಲೆ ಅವನಿಗೆ ನಾಚಿಕೆಯಾಯಿತು. ಆದರೂ ಉತ್ತರಕ್ಕೆ ಕಾದ.

ಒಕ್‌ಜಾ: ಮೂರನೇದು ದಾರೀಲಿ ತಿಂತೀನಿ ಅಂತ ಜೇಬಲ್ಲಿಟ್ಕೊಂಡ್ಲು.

ಆಟ ಇಡೀ ದಿನ ಹಗ್ಗ ಜಗ್ಗಾಟದಂತೆ ನಡೆಯಿತು. ಬೊರಮ್ ಒಂದು ಹೊಡೆತ ಮುಂದೆ ಹೋದರೆ ಜಿನ್‌ಸೋಲ್ ಮುಂದಿನ ಕುಳಿಯಲ್ಲಿ ಅದನ್ನು ಕಿತ್ತುಕೊಳ್ಳುತ್ತಿದ್ದಳು. ಮಗಳು ಇಳಿಜಾರಿನಲ್ಲಿ ಕಾಲಿಟ್ಟಾಗಲೆಲ್ಲ ದೊಕ್‌ಮಾನ್ ಕೈ ಚಾಚುತ್ತಿದ್ದ. ಅವಳು ಒಮ್ಮೆಯೂ ಜಾರಲಿಲ್ಲ. ಅವನೇ ಎರಡು ಸಲ ಮುಗ್ಗರಿಸಿದ.

ಹದಿನೆಂಟನೆಯ, ಕೊನೆಯ ಕುಳಿಗೆ ಬಂದಾಗಲೂ ಇಬ್ಬರೂ ಸಮಸಮ. ಮೊದಲು ಜಿನ್‌ಸೋಲ್ ಸರದಿ. ಅವಳ ಚೆಂಡು ಹುಲ್ಲಿನ ಮೇಲೆ ಉರುಳಿ ಬಂತು, ಕುಳಿಯ ಕಡೆ ತಿರುಗಿತು, ಅಂಚಿಗೆ ಬಂದು ನಿಂತುಬಿಟ್ಟಿತು. ಅರ್ಧ ಹುಲ್ಲಿನ ಮೇಲೆ, ಅರ್ಧ ಕುಳಿಯ ಮೇಲೆ. ಆಟದ ನಿಯಮದ ಪ್ರಕಾರ ಕಾಯಬಹುದಾದಷ್ಟು ಹೊತ್ತು ಎಲ್ಲರೂ ಕಾದರು. ಬೀಳಲಿಲ್ಲ, ಅವಳಿಗೆ ಇನ್ನೊಂದು ಹೊಡೆತ ಬೇಕಾಯಿತು. ದೊಕ್‌ಮಾನ್ ನೋಡುಗರ ಹಗ್ಗದಾಚೆ ನಿಂತಿದ್ದ ಹೆಂಡತಿಯತ್ತ ನೋಡಿದ. ಅವಳು ಆಕಾಶ ನೋಡುತ್ತಿದ್ದಳು.

ಬೊರಮ್: ಅಪ್ಪಾ, ಇದು ಎಡಕ್ಕೆ ತಿರುಗತ್ತಾ ಬಲಕ್ಕಾ?

ದೊಕ್‌ಮಾನ್: ನಂಗೇನೂ ಕಾಣಿಸ್ತಿಲ್ಲಮ್ಮ.

ಬೊರಮ್: ಏನಾಯ್ತು?

ದೊಕ್‌ಮಾನ್: ಕಣ್ಣಲ್ಲಿ ನೀರು.

ಬೊರಮ್: ಈಗ್ಲೇ ಯಾಕೆ ಅಳ್ತೀಯ, ಹೊಡೆದ್ಮೇಲೆ ಅಳು. ಸರಿ ಬಿಡು, ನೇರ ಹೊಡೀತೀನಿ.

ನೇರ ಹೊಡೆದಳು. ಚೆಂಡು ನೇರವಾಗಿ ಹೋಗಿ ಒಳಗೆ ಬಿತ್ತು, ಒಂದು ಹೊಡೆತದ ಅಂತರದಲ್ಲಿ ಬಟ್ಟಲು ಅವಳದಾಯಿತು. ಗೆಳತಿಯರು ಓಡಿ ಬಂದು, ಗೆದ್ದವಳಿಗೆ ಮಾಡುವ ಹಾಗೆ, ಅವಳ ತಲೆಯ ಮೇಲೆ ಬಾಟಲಿಗಟ್ಟಲೆ ನೀರು ಸುರಿದರು. ದೊಕ್‌ಮಾನ್ ಚೀಲವನ್ನು ಅಪ್ಪಿಕೊಂಡು ಹೋ ಎಂದು ಅತ್ತ. ಇಷ್ಟು ವರ್ಷ ಹೊತ್ತ ಚೀಲ ಅಂದು ಹಗುರವಾಗಿತ್ತು.

ಲೆಕ್ಕದ ಕಾರ್ಡಿಗೆ ಸಹಿ ಹಾಕಲು ಹುಡುಗಿಯರಿಬ್ಬರೂ ಡೇರೆಯತ್ತ ಹೊರಟಾಗ, ಒಕ್‌ಜಾ ಫ್ಲಾಸ್ಕ್ ಹಿಡಿದು ಅಡ್ಡ ಬಂದಳು.

ಒಕ್‌ಜಾ: ಈಗ್ಲಾದ್ರೂ ನನ್ನ ಸಾರು ಕುಡಿಯೇ. ಆ ಹೆಂಗಸಿನ ಸಾರು ನಿನ್ನೇನೂ ಮಾಡ್ಲಿಲ್ಲ, ದೇವರು ದೊಡ್ಡೋನು.

ಬೊರಮ್: ಯಾವ ಹೆಂಗಸು? ಓ, ಅದಾ? ಯಾರೂ ಏನೂ ಕೊಟ್ಟಿಲ್ಲಮ್ಮ. ಬರೀ ಬಾಳೆಹಣ್ಣು ತಿಂದಿದ್ದೆ. ನೀವಿಬ್ರೂ ಜಗಳ ನಿಲ್ಲಿಸ್ಲಿ ಅಂತ ಬಾಯಿಗೆ ಬಂದಿದ್ದು ಹೇಳ್ದೆ. ಸಹಿ ಹಾಕಿ ಬರ್ತೀನಿ ಇರು.

ಅವಳು ಡೇರೆಯೊಳಗೆ ಹೋದಳು. ಫ್ಲಾಸ್ಕ್ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು.

ದೊಕ್‌ಮಾನ್: ಹಾಗಾದ್ರೆ ಆ ಕಡುಬು...

ಒಕ್‌ಜಾ: ಉಸಿರೆತ್ತಬೇಡಿ.

ದೊಕ್‌ಮಾನ್: ಎತ್ತಲ್ಲ. ಹಿಂದೆ ನೋಡು.

ಜಿನ್‌ಸೋಲ್ ತಾಯಿ ಬರುತ್ತಿದ್ದಳು. ಅತ್ತು ಕೆಂಪಾದ ಮುಖ. ಹತ್ತಿರ ಬಂದು ತಲೆಬಾಗಿ ವಂದಿಸಿ, ಚೀಲದಿಂದ ಹೂವಿನ ತಟ್ಟೆ ತೆಗೆದಳು. ಅದರ ತುಂಬ ದಪ್ಪ ದಪ್ಪ ಮರಸೇಬು.

ಜಿನ್‌ಸೋಲ್ ಅಮ್ಮ: ತಟ್ಟೆ ಬರಿದಾಗಿ ಹೇಗೆ ವಾಪಸ್ ಕೊಡೋದು ಅಂತ... ಬೊರಮ್ ಅಮ್ಮಾ, ನಿಮ್ಮ ಮಗಳು ಗೆದ್ಲು, ಸಂತೋಷ. ಆದ್ರೆ ಬೆಳಗ್ಗೆ ನೀವು ಮಾಡಿದ್ದನ್ನ ನಾನು ಸಾಯೋವರ್ಗೂ ಮರೆಯಲ್ಲ.

ಒಕ್‌ಜಾ: ಏನ್... ಏನ್ ಮಾಡ್ದೆ ನಾನು?

ಜಿನ್‌ಸೋಲ್ ಅಮ್ಮ: ಇಷ್ಟು ವರ್ಷ ಈ ಮೈದಾನಗಳಲ್ಲಿ ಓಡಾಡ್ತಿದ್ದೀನಿ. ಎದುರಾಳಿ ಮಗು ಬೀಳ್ಲಿ ಅಂತ ಕಾಯೋ ಅಮ್ಮಂದಿರನ್ನೇ ನೋಡಿದ್ದು. ನನ್ನ ಮಗಳು ಗೆಲ್ಲಲಿ ಅಂತ ಕಡುಬು ಹಿಡ್ಕೊಂಡು ಬಂದೋರು ನೀವೊಬ್ರೇ. ನೀವು ಹೋದ್ಮೇಲೆ ಬಾಗಿಲು ಹಾಕ್ಕೊಂಡು ಅತ್ತೆ.

ಭೂಮಿ ಬಾಯಿ ಬಿಟ್ಟಿದ್ದರೆ ಒಕ್‌ಜಾ ಗಂಡನನ್ನೂ ಕರೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಅವಳ ಕಿವಿ ಕೆಂಪಾದದ್ದನ್ನು ದೊಕ್‌ಮಾನ್ ಮದುವೆಯ ದಿನ ಬಿಟ್ಟರೆ ಅಂದೇ ನೋಡಿದ್ದು.

ಒಕ್‌ಜಾ: ಕಡುಬು... ಸ್ವಲ್ಪ ಅಂಟು ಜಾಸ್ತಿ ಆಗಿತ್ತು ಅನ್ಸತ್ತೆ.

ಜಿನ್‌ಸೋಲ್ ಅಮ್ಮ: ಛೆ ಛೆ, ಹದವಾಗಿತ್ತು.

ಒಕ್‌ಜಾ: ಇಲ್ಲ, ಜಾಸ್ತಿ ಆಗಿತ್ತು. ತಪ್ಪಾಯ್ತು ಅಕ್ಕ. ಕೂತ್ಕೊಳ್ಳಿ. ಈ ಸಾರು ಕುಡೀರಿ.

ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಸಾರು ಸುರಿದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ದೊಕ್‌ಮಾನ್: ಮಗಳಿಗೆ?

ಒಕ್‌ಜಾ: ಉಳಿದ್ರೆ. ಹೆತ್ತೋರು ಮೊದ್ಲು ಕುಡೀಲಿ.

ಜಿನ್‌ಸೋಲ್ ಅಮ್ಮ: ಪಾಚಿ ಸಾರು! ಏನು ರುಚಿ! ಇದು ವಾಂಡೋ ಪಾಚಿನೇ. ಇವತ್ತು ಯಾರ ಹುಟ್ಟಿದಬ್ಬ?

ದೊಕ್‌ಮಾನ್: ಬೊರಮ್‌ದು.

ಜಿನ್‌ಸೋಲ್ ಅಮ್ಮ: ಅಯ್ಯೋ, ಬೆಳಗ್ಗೇನೇ ಹೇಳ್ಬಾರ್ದಾ? ಗೊತ್ತಿದ್ದಿದ್ರೆ ನಾನೇ ಒಂದು ಪಾತ್ರೆ ಸಾರು ಮಾಡಿ ಕುಡಿಸಿ ಕಳಿಸ್ತಿದ್ದೆ! ಇರ್ಲಿ, ಮುಂದಿನ ವರ್ಷ ಫೈನಲ್ ದಿನ ಬೆಳಗ್ಗೆ ನಾನೇ ತಂದುಕೊಡ್ತೀನಿ. ಕಡುಬಿನ ಋಣ ಇಟ್ಕೊಳ್ಳೋಳಲ್ಲ ನಾನು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಿನ್‌ಸೋಲ್ ತಾಯಿ ಮುಚ್ಚಳದ ತಳದಲ್ಲಿ ಉಳಿದ ಪಾಚಿಯನ್ನು ಬೆರಳಿನಿಂದ ಬಾಚಿ ತಿನ್ನುತ್ತಿದ್ದಳು. ಅವಳ ಮುಖದಲ್ಲಿ ನಗು ಬಿಟ್ಟರೆ ಬೇರೇನೂ ಕಾಣಲಿಲ್ಲ. ಒಕ್‌ಜಾ ಎರಡೂ ಕೈ ಜೋಡಿಸಿ ಸೊಂಟದವರೆಗೆ ಬಾಗಿದಳು.

ಒಕ್‌ಜಾ: ತನ್ನಿ ಅಕ್ಕ, ಖಂಡಿತ ತನ್ನಿ. ಕಡುಬು ನಾನು ತರ್ತೀನಿ.